ಕೆಟ್ಟ ಅಡಾಪ್ಟರ್ ಎಸೆಯುವ ಮುನ್ನ ಅದರ ಪೋಸ್ಟ್‌ಮಾರ್ಟಂ ಮಾಡಿ

ತೀರ್ಥಹಳ್ಳಿಯ ನಮ್ಮ ಅತ್ತೆ ಮನೆಯಲ್ಲಿ ನಾಲ್ಕು ವರ್ಷಕ್ಕೆ ವೈಫೈ ರೂಟರ್‌ನ ಮೂರು ಅಡಾಪ್ಟರ್ ಕೆಟ್ಟಿದ್ದವು. ಮೂರನೆಯದೂ ಕೈಕೊಟ್ಟ ದಿನ ಅತ್ತೆ ಫೋನ್ ಮಾಡಿದರು. ‘ಈಗಿನ ಸಾಮಾನೇ ಹಿಂಗೇನೋ? ನೀನು ಇಂಜಿನಿಯರ್ ಅಲ್ವಾ, ಒಂದ್ಸಲ ಬಂದು ನೋಡು ಮಾರಾಯ.’

ಕೆಟ್ಟ ಬೋರ್ಡ್ ಬಿಚ್ಚಿ, ಅದು ಯಾಕೆ ಕೆಟ್ಟಿತು ಎಂದು ಹುಡುಕುವುದೇ ಬೆಂಗಳೂರಿನಲ್ಲಿ ನನ್ನ ಕೆಲಸ. ಫೇಲ್ಯೂರ್ ಅನಾಲಿಸಿಸ್ ಅನ್ನುತ್ತಾರೆ. ರಿಪೇರಿ ಅಂದರೆ ಸಾಮಾನು ಮತ್ತೆ ನಡೆದರೆ ಮುಗಿಯಿತು. ನಮ್ಮದು ಹಾಗಲ್ಲ, ಅದು ಇನ್ನೊಮ್ಮೆ ಅದೇ ಥರ ಕೆಡಬಾರದು. ಲ್ಯಾಬಿನಲ್ಲಿ ನಮಗೆ ಎಕ್ಸ್‌ರೇ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಎಲ್ಲ ಇವೆ. ಮನೆಯಲ್ಲಿ ಮಾಡಲು ಅಷ್ಟೆಲ್ಲ ಬೇಡ. ಮಲ್ಟಿಮೀಟರ್, ಭೂತಗನ್ನಡಿ, ಸೋಲ್ಡರಿಂಗ್ ಐರನ್, ಒಂದು ನೋಟ್‌ಬುಕ್ ಸಾಕು. ಸೋಲ್ಡರಿಂಗ್ ಕೈಗೆ ಹತ್ತಿದವರು ಪೂರ್ತಿ ಮಾಡಿ. ಉಳಿದವರು ಡಬ್ಬಿ ಬಿಚ್ಚುವ ಹಂತದ ತನಕ ಬಂದು ನಿಲ್ಲಿಸಿ. ಅಲ್ಲಿಗೇ ಅರ್ಧ ವಿಷಯ ಗೊತ್ತಾಗಿರುತ್ತದೆ.

ಮೊದಲು ಪೆನ್ನು, ಆಮೇಲೆ ಸ್ಕ್ರೂಡ್ರೈವರ್

ಸಾಮಾನು ಬಳಸುವವರನ್ನು ಕೂರಿಸಿಕೊಂಡು ಕೇಳಿ. ಯಾವಾಗ ಶುರುವಾಯಿತು? ದಿಢೀರನೆ ಸತ್ತಿತೋ, ನರಳುತ್ತಾ ಸತ್ತಿತೋ? ಹಿಂದಿನ ದಿನ ಗುಡುಗು ಸಿಡಿಲು ಇತ್ತೇ? ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ‘ವೋಲ್ಟೇಜ್ ಪ್ರಾಬ್ಲಂ ಇರಬೇಕು’ ಎಂದು ನೀವೇ ತೀರ್ಪು ಬರೆಯಬೇಡಿ.

ಅತ್ತೆ ಎರಡು ಸಂಗತಿ ಹೇಳಿದರು. ಸಂಜೆ ಎಲ್ಲರೂ ಮನೆಗೆ ಬಂದು ಫೋನು, ಟಿವಿ ಹಿಡಿದು ಕೂತಾಗ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತದೆ. ಇನ್ನು ರಾತ್ರಿಯಿಡೀ ಕರೆಂಟ್ ಇಲ್ಲದೆ ಬೆಳಗ್ಗೆ ಬಂದರೆ, ಚಳಿಗೆ ಅದು ಹತ್ತು ನಿಮಿಷ ಮಿಣಮಿಣ ಅಂದು ಆಮೇಲೆ ಎದ್ದೇಳುತ್ತದೆ. ‘ಥೇಟ್ ನಿಮ್ಮ ಮಾವನ ಹಾಗೆ’ ಅಂದರು.

ಈ ಎರಡು ಮಾತಲ್ಲೇ ಕಾಯಿಲೆಯ ಹೆಸರು ಇತ್ತು. ಸಂಜೆ ಕೆಲಸ ಜಾಸ್ತಿ, ರೂಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಬೆಳಗ್ಗೆ ಅಡಾಪ್ಟರ್ ತಣ್ಣಗಿರುತ್ತದೆ, ಬಿಸಿಯಾದ ಮೇಲಷ್ಟೇ ಸರಿಹೋಗುತ್ತದೆ. ಚಾರ್ಜ್ ಹಿಡಿದಿಟ್ಟು ವೋಲ್ಟೇಜ್ ಕುಣಿಯದಂತೆ ನೋಡಿಕೊಳ್ಳುವ ಭಾಗ ಕೆಪಾಸಿಟರ್. ಒಳಗಿನ ದ್ರವ ಒಣಗಿದ ಕೆಪಾಸಿಟರ್ ನಡೆದುಕೊಳ್ಳುವುದು ಹೀಗೇ. ಆದರೂ ಇದು ಅನುಮಾನ ಅಷ್ಟೇ, ಇನ್ನೂ ಸಾಬೀತಾಗಿಲ್ಲ.

ಕೆಲವು ಕೇಸಿನಲ್ಲಿ ಈ ಕಥೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಎಂಬ ಉಪಗ್ರಹ ಕೆಟ್ಟು, ಅಮೆರಿಕದ ಬಹುಪಾಲು ಪೇಜರ್‌ಗಳು ಸುಮ್ಮನಾದವು. ಮೇಲೆ ಹೋಗಿ ಬಿಚ್ಚಿ ನೋಡುವ ಹಾಗಿಲ್ಲವಲ್ಲ. ಬಂದಿದ್ದ ಮಾಹಿತಿ ಮತ್ತು ನೆಲದ ಮೇಲಿನ ಪರೀಕ್ಷೆಗಳನ್ನೇ ಹಿಡಿದು, ತವರದ ಲೇಪನದಿಂದ ಕೂದಲಿನಂತೆ ಬೆಳೆದ ಎಳೆ ಶಾರ್ಟ್ ಮಾಡಿರಬೇಕು ಎಂಬ ತೀರ್ಮಾನಕ್ಕೆ ಬಂದರು.

ಬಿಚ್ಚದೆ ಎಷ್ಟು ಗೊತ್ತಾಗುತ್ತದೋ ಅಷ್ಟು

ಡಬ್ಬಿ ಒಡೆದ ಮೇಲೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಹಾಗಾಗಿ ಒಡೆಯದೆ ಮಾಡುವ ಪರೀಕ್ಷೆ ಎಲ್ಲವೂ ಮೊದಲು. ಮೂಸಿ ನೋಡಿ, ಸುಟ್ಟ ವಾಸನೆ ಇದೆಯೇ? ಅಲ್ಲಾಡಿಸಿ, ಒಳಗೆ ಏನಾದರೂ ಗಲಗಲ ಅನ್ನುತ್ತದೆಯೇ? ನಾಲ್ಕೂ ಕಡೆ ಫೋಟೋ ತೆಗೆಯಿರಿ. ಪ್ಲಗ್‌ನ ಪಿನ್ ಕಪ್ಪಾಗಿದ್ದರೆ ಅದೂ ಫೋಟೋದಲ್ಲಿ ಇರಲಿ.

ಈಗ ವೋಲ್ಟೇಜ್. ಅತ್ತೆ ಮನೆಯದು 12 ವೋಲ್ಟ್, 1 ಆಂಪ್ ಅಡಾಪ್ಟರ್. ರೂಟರ್ ಸಿಕ್ಕಿಸದೆ ಮೀಟರ್ ಇಟ್ಟರೆ 12.2 ತೋರಿಸಿತು. ‘ಅಡಾಪ್ಟರ್ ಚೆನ್ನಾಗಿದೆ, ರೂಟರೇ ಹೋಗಿದೆ’ ಎಂದು ಅಂಗಡಿಯವರು ಹೇಳಿ ಹೊಸದನ್ನು ಮಾರುವುದು ಇಲ್ಲೇ. ಖಾಲಿ ಗಾಡಿಯನ್ನು ಯಾವ ಎತ್ತು ಬೇಕಾದರೂ ಎಳೆಯುತ್ತದೆ. ಭಾರ ಹೇರಿ ನೋಡಬೇಕು.

ಭಾರಕ್ಕೆ 15 ಓಮ್, 20 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಒಂದು ತನ್ನಿ. ಅಡಾಪ್ಟರ್‌ನ ಔಟ್‌ಪುಟ್‌ಗೆ ಅದನ್ನು ಸೇರಿಸಿದರೆ ಸುಮಾರು 0.8 ಆಂಪ್ ಹರಿಯುತ್ತದೆ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಹಾಗಾಗಿ ಟೈಲ್ಸ್ ಮೇಲೆ ಇಡಿ. ಒಳ್ಳೆಯ ಅಡಾಪ್ಟರ್ ಆಗಲೂ 12ರ ಹತ್ತಿರವೇ ನಿಲ್ಲುತ್ತದೆ. ನಮ್ಮದು 10ಕ್ಕಿಂತ ಕೆಳಗೆ ಕುಸಿದು, ಅಲ್ಲೂ ನಿಲ್ಲದೆ ಕುಣಿಯತೊಡಗಿತು.

ಡಬ್ಬಿ ಬಿಚ್ಚುವಾಗ

ಇಲ್ಲಿ ಅವಸರ ಬೇಡ. ನಮ್ಮ 230 ವೋಲ್ಟ್ ಅಡಾಪ್ಟರ್ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ಹಿಡಿದಿಡುವುದು 400 ವೋಲ್ಟ್ ಎಂದು ಬರೆದಿರುವ ದಪ್ಪ ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಪೂರ್ತಿ ಸತ್ತ ಅಡಾಪ್ಟರ್‌ನಲ್ಲಿ ಅದನ್ನು ಖರ್ಚು ಮಾಡುವವರೇ ಇಲ್ಲ, ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಡಬ್ಬಿಯ ಅಂಟಿನ ಗೆರೆ ಮೇಲೆ ಹಳೇ ಚಾಕು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸುತ್ತ ಬನ್ನಿ. ತೆರೆದ ಕೂಡಲೇ ಆ ಕೆಪಾಸಿಟರ್‌ನ ಎರಡು ಕಾಲಿಗೆ ಮೀಟರ್ ಇಡಿ. ವೋಲ್ಟೇಜ್ ಇದ್ದರೆ 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಅನ್ನು ಇಕ್ಕಳದಲ್ಲಿ ಹಿಡಿದು ಕಾಲುಗಳಿಗೆ ಮುಟ್ಟಿಸಿ ಇಳಿಸಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ‘ಟಪ್’ ಅನ್ನಿಸುವ ಶೂರತನ ಬೇಡ. ತೆರೆದ ಬೋರ್ಡನ್ನು ಮತ್ತೆ ಪ್ಲಗ್‌ಗೆ ಹಾಕಲೇಬೇಡಿ.

ಒಳಗೆ ಏನು ನೋಡಬೇಕು? ಕೆಪಾಸಿಟರ್‌ನ ತಲೆ ಉಬ್ಬಿದೆಯೇ, ಒಡೆದಿದೆಯೇ ನೋಡಿ. ತಲೆಯ ಮೇಲೆ ಗೀರು ಇರುವುದೇ ಒಳಗಿನ ಒತ್ತಡ ಹೆಚ್ಚಾದರೆ ಅಲ್ಲಿಂದ ಬಿರಿಯಲಿ ಎಂದು. ಬುಡದಲ್ಲಿ ಕಂದು ಬಣ್ಣದ ಅಂಟು ಕಂಡರೆ ಹೌಹಾರಬೇಡಿ. ಎಷ್ಟೋ ಸಲ ಅದು ಸೋರಿದ್ದಲ್ಲ, ಕಾರ್ಖಾನೆಯಲ್ಲೇ ಅಲ್ಲಾಡದಂತೆ ಹಾಕಿದ ಗೋಂದು. ಬೋರ್ಡ್ ತಿರುಗಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಬೆಸುಗೆ ನೋಡಿ. ಟ್ರಾನ್ಸ್‌ಫಾರ್ಮರ್ ಕಾಲಿನ ಸುತ್ತ ಉಂಗುರದಂಥ ಸಣ್ಣ ಬಿರುಕು ಇದ್ದರೆ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಕೂಡಿಕೊಳ್ಳದ ಬೆಸುಗೆ. ನೇರ ಬೆಳಕಲ್ಲಿ ಅದು ಕಾಣುವುದೇ ಇಲ್ಲ.

ಅತ್ತೆಯ ಅಡಾಪ್ಟರ್‌ನಲ್ಲಿ ಇದ್ಯಾವುದೂ ಇರಲಿಲ್ಲ. ರೂಟರ್‌ಗೆ ಹೋಗುವ 12 ವೋಲ್ಟ್ ಕಡೆಯ ಔಟ್‌ಪುಟ್ ಕೆಪಾಸಿಟರ್‌ನ ತಲೆ ಹೊಸದರ ಹಾಗೆ ಚಪ್ಪಟೆ. ಕಿತ್ತು ಅಳೆದೆ. ಮೈಮೇಲೆ 1000 ಮೈಕ್ರೋಫ್ಯಾರಡ್ ಎಂದಿತ್ತು, ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ. ಶೇ 20ರಷ್ಟು ಆಚೀಚೆ ಇದ್ದರೆ ಸರಿ, 800 ಆದರೂ ಇರಬೇಕು. ಮೀಟರ್ ತೋರಿಸಿದ್ದು 160. ಒಳಗಿನ ದ್ರವ ಬುಡದ ರಬ್ಬರ್ ಮೂಲಕ ವರ್ಷಗಟ್ಟಲೆ ಆವಿಯಾಗಿ ಹೋಗಿತ್ತು. ಉಬ್ಬಿಲ್ಲ ಅಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ.

ಕೆಟ್ಟ ಭಾಗ ಸಿಕ್ಕಿತು, ಕಾರಣ ಸಿಕ್ಕಿಲ್ಲ

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನನಗಂತೂ ನಿಜವಾದ ಕೆಲಸ ಈಗ ಶುರು ಅನ್ನಿಸುತ್ತದೆ. ಕೆಪಾಸಿಟರ್ ಯಾಕೆ ಒಣಗಿತು?

ಹಳೇ ಅಡಾಪ್ಟರ್ ಏನಾದರೂ ಇದೆಯೇ ಎಂದು ಅತ್ತೆಯನ್ನು ಕೇಳಿದೆ. ಅಟ್ಟದ ಮೇಲಿನ ಡಬ್ಬದಲ್ಲಿ ಎರಡನೆಯದು ಸಿಕ್ಕಿತು. ಬೇರೆ ಕಂಪನಿಯದು, ಬೋರ್ಡೂ ಬೇರೆ. ಸತ್ತಿದ್ದು ಮಾತ್ರ ಅದೇ ಜಾಗದ ಕೆಪಾಸಿಟರ್. ಎರಡು ಬೇರೆ ಸಾಮಾನು ಒಂದೇ ಥರ ಸತ್ತಾಗ ಸಾಮಾನನ್ನು ಬಿಟ್ಟು ಅದಿದ್ದ ಜಾಗ ನೋಡಬೇಕು.

ಜಾಗ ಎಲ್ಲಿ? ಟಿವಿ ಇಡುವ ಮರದ ಶೋಕೇಸಿನ ಒಳಗೆ, ಸೆಟ್‌ಟಾಪ್ ಬಾಕ್ಸ್‌ನ ಬೆನ್ನಿಗೆ. ಅದರ ಮೇಲೆ ಧೂಳು ಕೂರದಿರಲಿ ಎಂದು ಅತ್ತೆ ಹೆಣೆದ ಕ್ರೋಶಾ ಬಟ್ಟೆ. ಕೋಣೆಯಲ್ಲಿ 27 ಡಿಗ್ರಿ ಇದ್ದಾಗ ಶೋಕೇಸಿನೊಳಗೆ 45.

ಇನ್ನು ಲೆಕ್ಕ. ಕೆಪಾಸಿಟರ್ ಮೇಲೆ 105 ಡಿಗ್ರಿ ಎಂದಿರುತ್ತದೆ. ಸಾಧಾರಣ ಸರಕಿನ ಬಾಳಿಕೆ ಅಷ್ಟು ಬಿಸಿಯಲ್ಲಿ 2000 ಗಂಟೆ. ಪ್ರತಿ 10 ಡಿಗ್ರಿ ತಣ್ಣಗಾದರೆ ಬಾಳಿಕೆ ಎರಡು ಪಟ್ಟು. 95ಕ್ಕೆ 4000, 85ಕ್ಕೆ 8000, 75ಕ್ಕೆ 16,000. ಅಡಾಪ್ಟರ್‌ನ ಒಳಗೆ ಹೊರಗಿಗಿಂತ 35 ಡಿಗ್ರಿ ಜಾಸ್ತಿ ಎಂದು ಹಿಡಿಯಿರಿ. ಶೋಕೇಸಿನಲ್ಲಿ ಅದು 80 ಆಯಿತು. ಸುಮಾರು 11,300 ಗಂಟೆ. ರೂಟರ್ ಹಗಲೂ ರಾತ್ರಿ ಉರಿಯುತ್ತದೆ, ವರ್ಷಕ್ಕೆ 8760 ಗಂಟೆ. ಹದಿನೈದು ತಿಂಗಳು ಚಿಲ್ಲರೆ. ನಾಲ್ಕು ವರ್ಷಕ್ಕೆ ಮೂರು ಅಡಾಪ್ಟರ್! ಅದನ್ನೇ ಗೋಡೆಗೆ ತೂಗುಹಾಕಿದ್ದರೆ ಒಳಗೆ 62 ಡಿಗ್ರಿ, ನಾಲ್ಕೂವರೆ ವರ್ಷ. ಇದು ಅಂದಾಜಿನ ಸೂತ್ರ, ಪಂಚಾಂಗದಂತೆ ದಿನ ಹೇಳುವುದಿಲ್ಲ. ಆದರೆ ದಾರಿ ತೋರಿಸುತ್ತದೆ.

‘ಪೆಟ್ಟಿಗೆ ಮೇಲೆ ಎಂಟಿಬಿಎಫ್ 1,00,000 ಗಂಟೆ ಅಂತ ಇತ್ತಲ್ಲ, ಹನ್ನೊಂದು ವರ್ಷ ಬರಬೇಕಿತ್ತು’ ಎಂದು ಅತ್ತೆಯ ಮಗ ತಕರಾರು ತೆಗೆದ. ಎಂಟಿಬಿಎಫ್ ಅಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಸಮಯ, ಒಂದು ಅಡಾಪ್ಟರ್‌ನ ಆಯುಷ್ಯ ಅಲ್ಲ. ಸಾವಿರ ಅಡಾಪ್ಟರ್ ನೂರು ಗಂಟೆ ನಡೆದರೆ ಸರಾಸರಿ ಒಂದು ಕೆಡಬಹುದು ಎಂದಷ್ಟೇ ಅರ್ಥ, ಅದೂ ಅವು ನಡುವಯಸ್ಸಿನಲ್ಲಿ ಇರುವಾಗ. ಸಾಮಾನು ಕೆಡುವ ಪ್ರಮಾಣವನ್ನು ಗೆರೆ ಹಾಕಿದರೆ, ಹಸುವಿಗೆ ಕಲಗಚ್ಚು ಇಡುವ ಬಾನಿಯನ್ನು ಸೀಳಿದ ಹಾಗೆ ಕಾಣುತ್ತದೆ. ಶುರುವಲ್ಲಿ ಎತ್ತರ, ಅಲ್ಲಿ ತಯಾರಿಕೆಯ ತಪ್ಪಿನಿಂದ ಸಾಯುವವು. ನಡುವೆ ತಳ. ಕೊನೆಗೆ ಸವೆದು ಸಾಯುವವು, ಮತ್ತೆ ಎತ್ತರ. ಎಂಟಿಬಿಎಫ್ ಹೇಳುವುದು ತಳದ ಕಥೆ. ಬಿಸಿ ಮಾಡುವ ಕೆಲಸ ಏನೆಂದರೆ ಆ ಕೊನೆಯ ಏರನ್ನು ಹತ್ತಿರಕ್ಕೆ ಎಳೆದು ತರುವುದು.

ಹೊಸದು ಹಾಕಿ, ಹಳೆಯದನ್ನೂ ಹಾಕಿ

ಹೊಸ ಕೆಪಾಸಿಟರ್ ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೆಲವೇ ರೂಪಾಯಿಗೆ ಸಿಗುತ್ತದೆ. ಅದೇ 1000 ಮೈಕ್ರೋಫ್ಯಾರಡ್, 105 ಡಿಗ್ರಿಯದು, ‘ಲೋ ಇಎಸ್‌ಆರ್’ (ಒಳಗಿನ ರೋಧ ಕಡಿಮೆ ಇರುವುದು) ಎಂದು ಕೇಳಿ ತನ್ನಿ. ಜಾಗ ಹಿಡಿಸಿದರೆ 16 ವೋಲ್ಟ್ ಬದಲು 25 ವೋಲ್ಟ್‌ದು ಹಾಕಬಹುದು. ಪಟ್ಟಿ ಇರುವ ಕಡೆ ಮೈನಸ್. ಉಲ್ಟಾ ಹಾಕಿದರೆ ಸಿಡಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೆಪಾಸಿಟರ್ ಬದಲಿಸಿ, ಡಬ್ಬಿಯನ್ನು ಭದ್ರವಾಗಿ ಮುಚ್ಚಿ, ಭಾರ ಹೇರಿ ಅಳೆದಾಗ 12.1 ಬಂತು, ಕುಣಿಯಲಿಲ್ಲ. ಆಮೇಲೆ ಮತ್ತೆ ತೆರೆದು ಹಳೇ ಕೆಪಾಸಿಟರ್ ಅನ್ನೇ ಹಾಕಿದೆ. ಅತ್ತೆಗೆ ಇದು ಹುಚ್ಚು ಅನ್ನಿಸಿತು. ಆದರೆ ಹಳೆಯದು ಹಾಕಿದಾಗ ಕಾಯಿಲೆ ವಾಪಸ್ ಬಂದರೆ ಮಾತ್ರ ಕಳ್ಳ ಅವನೇ ಎಂದು ಖಾತ್ರಿ. ಬೆಸುಗೆ ಬಿಸಿ ಮಾಡಿದ್ದಕ್ಕೇ ಯಾವುದೋ ಡ್ರೈ ಸೋಲ್ಡರ್ ಸುಮ್ನೆ ಕೂಡಿಕೊಂಡು ಸರಿಹೋಗಿರಬಹುದಲ್ಲ? ಕಾಯಿಲೆ ವಾಪಸ್ ಬಂತು. ಹೊಸದನ್ನು ಮತ್ತೆ ಹಾಕಿದೆ. ರಾತ್ರಿಯಿಡೀ ಆಫ್ ಇಟ್ಟು, ಬೆಳಗ್ಗೆ ಚಳಿಯಲ್ಲಿ ಸ್ವಿಚ್ ಹಾಕಿದರೆ ರೂಟರ್ ಒಂದೇ ಸಲಕ್ಕೆ ಎದ್ದಿತು.

ಡಬ್ಬಿ ಬಿರುಕು ಬಿಟ್ಟಿದ್ದರೆ ಮಾತ್ರ ಅಂಟು ಹಚ್ಚಿ ಬಳಸಬೇಡಿ, ಹೊಸ ಅಡಾಪ್ಟರೇ ತನ್ನಿ. ಒಳಗಿರುವುದು ಮೇನ್ಸ್ ಕರೆಂಟ್.

ಈಗ ಆ ಅಡಾಪ್ಟರ್ ಶೋಕೇಸಿನ ಹೊರಗೆ, ಗೋಡೆಯ ಸಾಕೆಟ್‌ನಲ್ಲಿದೆ. ಮೈಮೇಲೆ ಕೆಪಾಸಿಟರ್ ಹಾಕಿದ ತಾರೀಖಿನ ಚೀಟಿ. ಕ್ರೋಶಾ ಬಟ್ಟೆ ತೆಗೆಯಲು ಅತ್ತೆ ಒಪ್ಪಲಿಲ್ಲ. ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಇನ್ನೂ ಅದರ ಹಿಂದೆಯೇ ಇದೆ. ಅದಕ್ಕೂ ಒಂದು ತಾರೀಖಿನ ಚೀಟಿ ಅಂಟಿಸಿ ಬಂದಿದ್ದೇನೆ.