ಶಿಕೋಕುವಿನ ಹಳ್ಳಿ ಕಡೆ ದೇವಸ್ಥಾನಗಳಿಗೆ ಹೋಗೋದಾದ್ರೆ ಇದನ್ನ ಓದ್ಕೊಂಡು ಹೋಗಿ

ಜಪಾನಿಗೆ ಹೋದೋರೆಲ್ಲ ಕ್ಯೋಟೋ ನೋಡ್ಕೊಂಡು ಬರ್ತಾರೆ, ಆದ್ರೆ ಊರ ಜನ ದಿನಾ ಕೈ ಮುಗಿಯೋ ಬೌದ್ಧ ದೇವಸ್ಥಾನ ನೋಡ್ಬೇಕಂದ್ರೆ ಶಿಕೋಕು ದ್ವೀಪಕ್ಕೆ ಹೋಗಿ. ಶಿಂಗೋನ್ ಅನ್ನೋ ಬೌದ್ಧ ಪಂಥ ಕಟ್ಟಿದ ಸನ್ಯಾಸಿ ಕೋಬೋ ದಾಯ್ಶಿ (774–835) ಹೆಸರಲ್ಲಿ ನಡೆಯೋ 88 ದೇವಸ್ಥಾನಗಳ ಯಾತ್ರೆ ಅಲ್ಲೇ ಇರೋದು. ಪೂರ್ತಿ ಸುತ್ತು ಸುಮಾರು 1200 ಕಿ.ಮೀ., ಅಷ್ಟೂ ನಡೀಲೇಬೇಕು ಅಂತೇನಿಲ್ಲ. ಶಿಕೋಕುವಿನ ತೊಕುಶಿಮಾ ಊರಿಂದ ಲೋಕಲ್ ಟ್ರೇನಲ್ಲಿ ಬಾಂದೋ ಸ್ಟೇಷನ್ನಿಗೆ ಹೋಗಿ ಇಳೀರಿ, 1ನೇ ದೇವಸ್ಥಾನ ರ್‍ಯೋಝೆನ್‌ಜಿ ಹತ್ರಾನೇ ಇದೆ, ಅಲ್ಲಿಂದ 5ನೇದು ಜಿಝೋಜಿವರೆಗೆ ಸುಮಾರು 11 ಕಿ.ಮೀ., ಒಂದು ದಿನಕ್ಕೆ ಆರಾಮು. ಯಾತ್ರಿಕರ ಬಿಳಿ ಅಂಗಿ, ಕೋಲು, ಮೇಣದಬತ್ತಿ, ಊದುಬತ್ತಿ ಎಲ್ಲಾ ರ್‍ಯೋಝೆನ್‌ಜಿಯಲ್ಲೇ ಸಿಗುತ್ತೆ.

ಬಾಗಿಲಲ್ಲಿ ನಿಂತು ತಲೆ ಬಾಗಿಸಿ ಒಳಗೆ ಹೋಗಿ. ನೀರಿನ ತೊಟ್ಟಿ ಹತ್ರ ಸೌಟು ಇರುತ್ತೆ, ಮೊದ್ಲು ಎಡಗೈ ತೊಳೀರಿ, ಆಮೇಲೆ ಬಲಗೈ, ಆಮೇಲೆ ಎಡಗೈ ಬೊಗಸೇಲಿ ನೀರು ತಗೊಂಡು ಬಾಯಿ ಮುಕ್ಕಳಿಸಿ, ಸೌಟಿಗೆ ಬಾಯಿ ಹಚ್ಬೇಡಿ, ಕೊನೇಲಿ ಸೌಟನ್ನ ನೆಟ್ಟಗೆ ಎತ್ತಿ ಉಳಿದ ನೀರು ಹಿಡಿ ಮೇಲೆ ಹರಿಯೋ ಹಾಗೆ ಮಾಡಿ ಇಡಿ. ಗಂಟೆ ಹೊಡೆಯೋಕೆ ಬಿಡೋ ಕಡೆ ಒಳಗೆ ಬರುವಾಗ ಮಾತ್ರ ಹೊಡೀರಿ, ಹೋಗುವಾಗ ಹೊಡೆಯಲ್ಲ.

ಮೊದ್ಲು ಮುಖ್ಯ ಗುಡಿ, ಆಮೇಲೆ ದಾಯ್ಶಿ ಗುಡಿ. ಎರಡೂ ಕಡೆ ಒಂದು ಮೇಣದಬತ್ತಿ, ಮೂರು ಊದುಬತ್ತಿ. ಮೇಣದಬತ್ತೀನ ಹಿಂದಿನ ಸಾಲಲ್ಲಿ ಇಡಿ, ಮುಂದೆ ಇಟ್ರೆ ಆಮೇಲೆ ಬರೋರ ಕೈ ಸುಡುತ್ತೆ. ಬೇರೆಯವರು ಹಚ್ಚಿದ ದೀಪದಿಂದ ನಿಮ್ದು ಹಚ್ಕೋಬಾರ್ದು, ಅವರ ಕರ್ಮ ನಿಮಗೆ ಅಂಟ್ಕೊಳ್ಳುತ್ತೆ ಅಂತಾರೆ, ಹಾಗಾಗಿ ಲೈಟರ್ ಜೇಬಲ್ಲಿರ್ಲಿ. ಪಕ್ಕದಲ್ಲಿ ನಿಂತೋರು ಹೃದಯ ಸೂತ್ರ ಅನ್ನೋ ಚಿಕ್ಕ ಬೌದ್ಧ ಪಾಠ ಹೇಳ್ತಾ ಇದ್ರೆ ಕೊನೇವರೆಗೂ ಕೇಳಿ, ಉಚ್ಚಾರ ಜಪಾನೀ ಆದ್ರೂ ‘ಗತೇ ಗತೇ ಪಾರಗತೇ’ ಮಂತ್ರ ಗುರುತು ಸಿಗುತ್ತೆ. ಇಲ್ಲಿ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗೀರಿ. ಚಪ್ಪಾಳೆ ಇರೋದು ಜಪಾನಿನ ಸ್ವಂತ ಧರ್ಮವಾದ ಶಿಂಟೋ ಗುಡಿಗಳಲ್ಲಿ, ಶಿಕೋಕುನಲ್ಲೇ ಇರೋ ಕೊಂಪಿರಾ ಬೆಟ್ಟದ 785 ಮೆಟ್ಟಿಲು ಹತ್ತಿ ಹೋದ್ರೆ ಅಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ, ಮತ್ತೆ ಒಂದು ಸಲ ಬಾಗೋದು.

ದಯವಿಟ್ಟು ಬಂದ ತಕ್ಷಣ ಸೀಲ್ ಕೌಂಟರಿಗೆ ಓಡ್ಬೇಡಿ. ನಿಮ್ಮ ಯಾತ್ರೆ ಪುಸ್ತಕದಲ್ಲಿ ಬ್ರಷ್ ಹಿಡಿದು ಬರೆದು ಕೆಂಪು ಮುದ್ರೆ ಒತ್ತಿ ಕೊಡೋದು ನೀವು ಪೂಜೆ ಮಾಡಿದ್ದಕ್ಕೆ, ನೋಡೋಕೆ ಎಷ್ಟೇ ಚಂದ ಇದ್ರೂ ಅದು ಸುವೆನಿರ್ ಅಲ್ಲ. 2024ರಿಂದ ಒಂದಕ್ಕೆ 500 ಯೆನ್, ಕ್ಯಾಶೇ ಕೊಡ್ಬೇಕಾಗುತ್ತೆ, ಚಿಲ್ಲರೆ ಜಾಸ್ತಿ ಇಟ್ಕೊಳ್ಳಿ. ಸಾಯಂಕಾಲ 5ಕ್ಕೆ ಕೌಂಟರ್ ಕ್ಲೋಸ್.

ದಾರೀಲಿ ಯಾರೋ ಅಜ್ಜಿ ಕಿತ್ತಳೆನೋ ಟೀನೋ ಕೊಡೋಕೆ ಬಂದ್ರೆ ಬೇಡ ಅನ್ಬೇಡಿ. ಅದು ಒಸೆತ್ತಾಯ್, ಯಾತ್ರಿಕರಿಗೆ ಮಾಡೋ ಸೇವೆ, ಅವರಿಗೂ ಅದ್ರಲ್ಲಿ ಪುಣ್ಯ ಇದೆ. ಎರಡೂ ಕೈಯಲ್ಲಿ ತಗೊಂಡು ನಿಮ್ಮ ಹೆಸರು ಬರೆದ ಬಿಳಿ ಚೀಟಿ ಒಂದು ಕೊಡಿ.

ಸಸ್ಯಾಹಾರಿಗಳು ಬುಕ್ ಮಾಡುವಾಗ್ಲೇ ಹೇಳ್ಬೇಕು, ದೇವಸ್ಥಾನದ ವಸತಿ ಅಂದ್ರೂ ಶಿಕೋಕುನಲ್ಲಿ ಮೀನು ಬಡಿಸ್ತಾರೆ, ಸಾರಲ್ಲೂ ಒಣಮೀನಿನ ರಸ ಇರುತ್ತೆ. ಯಾತ್ರೆ ಮುಗಿಸಿದೋರು ವಂದಿಸೋಕೆ ಹೋಗೋ, ಶಿಕೋಕು ಆಚೆ ಕೋಬೋ ದಾಯ್ಶಿ ಸಮಾಧಿ ಇರೋ ಕೋಯಾ ಬೆಟ್ಟದ ಮಠಗಳಲ್ಲಿ ಮಾತ್ರ ಮೀನು ಮಾಂಸ, ಈರುಳ್ಳಿ ಬೆಳ್ಳುಳ್ಳಿ ಯಾವ್ದೂ ಇಲ್ಲದ ಊಟ ಸಿಗುತ್ತೆ, ರಾತ್ರಿ ಊಟ ಸಂಜೆ 6ರ ಹೊತ್ತಿಗೇ ಬಡಿಸ್ತಾರೆ, 5ರೊಳಗೆ ತಲುಪ್ಕೊಳ್ಳಿ.