ಕೊಡಗಿನ ಚಳಿಯಲ್ಲಿ ಹೊಸ ಹವಳಕ್ಕೊಂದು ಕ್ವಾರಂಟೈನ್ ತೊಟ್ಟಿ

ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅವುಗಳನ್ನು ಕೊಳ್ಳಲೇಬೇಡಿ. ಇಲ್ಲಿರುವುದು ಕಲ್ಲಿನಂಥ ಗೂಡಿಲ್ಲದ ಝೋವಾಂಥಿಡ್, ಮಶ್ರೂಮ್ ಹವಳಗಳ ಮಾತು.

ಹೊಸ ಹವಳವನ್ನು ದೊಡ್ಡ ತೊಟ್ಟಿಗೆ ಬಿಡುವ ಮೊದಲು ಬೇರೆಯಾಗಿಡಲು 40 ಲೀಟರಿನ ಬರಿಗಾಜಿನ ತೊಟ್ಟಿ ಸಾಕು. ಮರಳು, ಕಲ್ಲು ಬೇಡ. ಕೀಟ ಅಡಗಲು ಜಾಗವಿರಬಾರದು. ಸ್ಪಾಂಜ್ ಫಿಲ್ಟರನ್ನು ನಾಲ್ಕು ವಾರ ಮೊದಲೇ ದೊಡ್ಡ ತೊಟ್ಟಿಯ ಸಂಪ್‌ನಲ್ಲಿ (ಫಿಲ್ಟರಿಗೆಂದು ಜೋಡಿಸಿದ ಪಕ್ಕದ ತೊಟ್ಟಿ) ಇಟ್ಟರೆ ನೀರಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಕೂತಿರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಇದೆಯೇ ನೋಡಿಕೊಳ್ಳಿ. ಆರ್‌ಓ ನೀರೇ ಆಗಬೇಕು. ತಗಡಿನ ಮಾಡಿನಿಂದ ಹಿಡಿದ ಮಳೆನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಅದರಲ್ಲಿ ಸತು ಇಳಿದಿರುತ್ತದೆ.

ನಮ್ಮಲ್ಲಿ ನಿಜವಾದ ತೊಂದರೆ ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆ. ಮಡಿಕೇರಿಯಲ್ಲಿ ಕೋಣೆಯೊಳಗೇ 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹವಳಕ್ಕೆ 25–26 ಬೇಕು. ಇಷ್ಟು ಚಿಕ್ಕ ತೊಟ್ಟಿಗೂ 100 ವ್ಯಾಟ್ ಹೀಟರ್ ಹಾಕಿ, ಜೊತೆಗೆ ಥರ್ಮೋಸ್ಟಾಟ್ ಕಂಟ್ರೋಲರ್. ಹೀಟರಿನ ಒಳಸ್ವಿಚ್ಚು ಅಂಟಿಕೊಂಡರೆ ನೀರು ಬೆಂದುಹೋಗುತ್ತದೆ. ಕರೆಂಟು ಹೋದರೆ ಮೊದಲು ಕಾಡುವುದು ಆಮ್ಲಜನಕದ ಕೊರತೆ. ಬ್ಯಾಟರಿ ಏರ್‌ಪಂಪ್ ಇರಲಿ, ತೊಟ್ಟಿಗೆ ಕಂಬಳಿ ಸುತ್ತಿ.

ಹವಳ ಬಂದ ಕೂಡಲೇ ಅಯೋಡಿನ್ ಡಿಪ್ (ಅಯೋಡಿನ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುವುದು), ಬಾಟಲಿಯ ಮೇಲಿನ ಅಳತೆಯಲ್ಲೇ. ಡಿಪ್ ಕೀಟಗಳ ಮೊಟ್ಟೆಗಳನ್ನು ಕೊಲ್ಲದು. ಆದ್ದರಿಂದ ವಾರಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿ, ಸುರುಳಿ ಮೊಟ್ಟೆಸಾಲು ಕಂಡರೆ ಬ್ರಷ್‌ನಿಂದ ಕೆರೆಯಿರಿ. ಕೈಗವಸು, ಕನ್ನಡಕ ತಪ್ಪಿಸಬೇಡಿ. ಝೋವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ವಿಷವಿರಬಹುದು, ಬಿಸಿನೀರು ಸುರಿದರೆ ಅದು ಹಬೆಯೊಂದಿಗೆ ಮೂಗಿಗೇರುತ್ತದೆ.

ವಾರಕ್ಕೆ 4 ಲೀಟರ್ ಬದಲಿಸಿ. ಆವಿಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರು. ಮೀನು ಬಿಡದೆ 76 ದಿನ ಕಳೆದರೆ ಮೀನುಗಳಿಗೆ ಬರುವ ಬಿಳಿಚುಕ್ಕಿ ರೋಗದ ಪರಾವಲಂಬಿಯೂ ಆಸರೆಯಿಲ್ಲದೆ ಸಾಯುತ್ತದೆ.