ಮುಂಭಾಗದಲ್ಲಿ ಸದ್ದೇ? ಬಿಚ್ಚುವ ಮೊದಲು ಹೀಗೆ ಪತ್ತೆ ಹಚ್ಚಿ

ಫೋರ್ ವೀಲ್ ಡ್ರೈವ್ ಟ್ರಕ್ಕಿನ ಮುಂಭಾಗದಲ್ಲಿ ಸದ್ದು ಶುರುವಾದರೆ ಹೆಚ್ಚಿನವರು ಊಹೆಯ ಮೇಲೆ ಬೇರಿಂಗ್ ಬದಲಿಸುತ್ತಾರೆ. ಸದ್ದು ನಿಲ್ಲದಿದ್ದರೆ ಬಾಲ್ ಜಾಯಿಂಟ್, ಅದೂ ಅಲ್ಲವಾದರೆ ಆಕ್ಸಲ್. ಹಣ ಖಾಲಿಯಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಮಾಮೂಲಿ ವಾಹನದಲ್ಲಿರುವ ಬ್ರೇಕು, ಸ್ಟೇರಿಂಗು, ಸಸ್ಪೆನ್ಷನ್ ಜೊತೆಗೆ ಇಲ್ಲಿ ಮುಂದಿನ ಡಿಫರೆನ್ಷಿಯಲ್ (ಎಳೆತವನ್ನು ಎರಡು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ), ಅದಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ಜಾಯಿಂಟುಗಳು, ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ, ಬಿಡಿಸುವ ಹಬ್ ಲಾಕ್ ಕೂಡ ಇವೆ. ಚಾಸಿಯ ಲೋಹದಲ್ಲಿ ಸದ್ದು ಹರಿಯುವುದರಿಂದ ಎಡಬದಿಯ ದೋಷ ಬಲಬದಿಯಲ್ಲಿ ಕೇಳಿಸುವುದೂ ಉಂಟು. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತಿದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ.

ಹಂತ 1: ನಟ್ಟುಗಳು, ಸಡಿಲ ತಗಡುಗಳು

ಎಲ್ಲಕ್ಕಿಂತ ಮೊದಲು ಚಕ್ರದ ನಟ್ಟುಗಳು. ಇತ್ತೀಚೆಗೆ ಟೈರ್ ಬಿಚ್ಚಿದ್ದರೆ ಇದನ್ನು ನೋಡದೆ ಗಾಡಿ ಕದಲಿಸಲೇಬಾರದು. ಆಮೇಲೆ ಎಂಜಿನ್ ತಣ್ಣಗಿರುವಾಗ ಅಡಿಭಾಗದ ರಕ್ಷಣಾ ತಗಡು, ಮಡ್‌ಗಾರ್ಡ್, ಸೈಲೆನ್ಸರ್ ಪೈಪಿನ ಶಾಖ ತಡೆಯುವ ಹಾಳೆ, ಇವನ್ನು ಮುಷ್ಟಿಯಿಂದ ತಟ್ಟಿ ನೋಡಿ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಚಿಕ್ಕ ಕಲ್ಲು ಇಡೀ ಆಕ್ಸಲ್ ಕಿತ್ತುಹೋದಂತೆ ಕಿರುಚಬಲ್ಲದು.

ಹಂತ 2: ಓಡಿಸಿ ಕೇಳುವುದು

ವಾಹನ ಸಂಚಾರವಿಲ್ಲದ ಸಮತಟ್ಟಾದ ಜಾಗಕ್ಕೆ ಹೋಗಿ. ರೇಡಿಯೊ, ಫ್ಯಾನ್ ಆರಿಸಿ, ಕಿಟಕಿ ಇಳಿಸಿ. ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲು ಒಬ್ಬರಿದ್ದರೆ ಒಳ್ಳೆಯದು.

ವೇಗದ ಜೊತೆ ಏರುವ ಗುಂಯ್ ಸದ್ದು ಗೇರನ್ನು ನ್ಯೂಟ್ರಲ್‌ಗೆ ತಂದರೂ ಮುಂದುವರಿಯುತ್ತಿದ್ದರೆ ಎಂಜಿನನ್ನು ಪಟ್ಟಿಯಿಂದ ತೆಗೆದುಹಾಕಿ. ಉಳಿಯುವ ಮುಖ್ಯ ಅನುಮಾನ ಬೇರಿಂಗ್ ಮತ್ತು ಟೈರ್ ಮೇಲೆ. ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗನ್ನು ಶಂಕಿಸಬೇಕು, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದನ್ನು. ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಸದ್ದಿನ ಬಗೆಯೂ ಬದಲಾದರೆ ಅದು ಬಹುತೇಕ ಟೈರಿನದೇ. ದೊಡ್ಡ ಗುಬುಟಿನ ಟೈರುಗಳು ಏರುಪೇರಾಗಿ ಸವೆದಾಗ ಬೇರಿಂಗಿನಂತೆಯೇ ಗೊರಗುಟ್ಟುತ್ತವೆ. ಅನುಮಾನವಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ಓಡಿಸಿ. ಸದ್ದು ಟೈರಿನ ಜೊತೆ ಹಿಂದಕ್ಕೆ ಹೋದರೆ ಬೇರಿಂಗಿನ ಖರ್ಚು ಉಳಿಯಿತು.

ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಎಂದು ಲಯಬದ್ಧವಾಗಿ ಕೇಳಿದರೆ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುವಿದಾಗಲೂ ಆಕ್ಸಲ್‌ನ ಎಳೆತವನ್ನು ಅದಕ್ಕೆ ತಲುಪಿಸುವ ಕೀಲು. ಇದನ್ನು ಹೆಚ್ಚಾಗಿ ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬಹುದು: ಅದರ ರಬ್ಬರ್ ಹೊದಿಕೆ (ಬೂಟ್) ಹರಿದಿರುತ್ತದೆ, ಚಕ್ರದ ಒಳಬದಿಗೆಲ್ಲ ಕಪ್ಪು ಗ್ರೀಸ್ ಎರಚಿರುತ್ತದೆ. ಉಬ್ಬುತಗ್ಗುಗಳಲ್ಲಿ ಮಾತ್ರ ಬರುವ ಕಟಕಟ ಸದ್ದು ಬ್ರೇಕನ್ನು ಮೆಲ್ಲಗೆ ಮುಟ್ಟಿದೊಡನೆ ನಿಂತರೆ ಕ್ಯಾಲಿಪರ್ ಅಥವಾ ಬ್ರೇಕ್ ಪ್ಯಾಡ್ ಸಡಿಲವಾಗಿದೆ. ಬ್ರೇಕಿಗೆ ಜಗ್ಗದಿದ್ದರೆ ಸ್ಟೆಬಿಲೈಸರ್ ಲಿಂಕ್, ಬುಷ್, ಶಾಕ್ ಅಬ್ಸಾರ್ಬರ್ ಕಡೆ ನೋಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಕಿರ್ರೆಂದರೆ ಗ್ರೀಸ್ ಒಣಗಿದ ಬಾಲ್ ಜಾಯಿಂಟ್ ಇರಬಹುದು. ಕೊರಗಿದಂತೆ ಸದ್ದು ಮಾಡಿದರೆ ಪವರ್ ಸ್ಟೇರಿಂಗ್ ಆಯಿಲ್ ಮಟ್ಟ ನೋಡಿ.

ಹಂತ 3: ಹಬ್ಬನ್ನೇ ಸಾಕ್ಷಿ ಮಾಡಿಕೊಳ್ಳುವುದು

ಈ ಬಗೆಯ ವಾಹನಗಳಿಗಷ್ಟೇ ಇರುವ ದೊಡ್ಡ ಅನುಕೂಲವಿದು. ಇದನ್ನು ಬಳಸದೆ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೈಯಿಂದ ತಿರುಗಿಸುವ ಲಾಕಿಂಗ್ ಹಬ್ ಇದ್ದರೆ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಮೂರು ಸಲ ಓಡಿಸಿ.

ಮೊದಲ ಸಲ ಹಬ್ ಬಿಡಿಸಿ, ಟೂ ವೀಲ್‌ನಲ್ಲಿ. ಆಗ ಮುಂದೆ ತಿರುಗುವುದು ಚಕ್ರ, ಬೇರಿಂಗ್, ಬ್ರೇಕ್ ಡಿಸ್ಕ್ ಮಾತ್ರ. ಸದ್ದು ಆಗಲೂ ಇದ್ದರೆ ಡಿಫರೆನ್ಷಿಯಲ್ ಬಿಚ್ಚುವ ಯೋಚನೆಯನ್ನೇ ಬಿಡಿ.

ಎರಡನೆಯ ಸಲ ಹಬ್ ಲಾಕ್ ಮಾಡಿ, ಫೋರ್ ವೀಲ್ ಲಿವರ್ ಟೂ ವೀಲ್‌ನಲ್ಲೇ ಇರಲಿ. ಈಗ ಆಕ್ಸಲ್, ಡಿಫರೆನ್ಷಿಯಲ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ತಿರುಗುತ್ತವೆ, ಆದರೆ ಎಂಜಿನಿನ ಎಳೆತ ಅವುಗಳ ಮೇಲಿರುವುದಿಲ್ಲ. ಸದ್ದು ಇಲ್ಲಿ ಹುಟ್ಟಿಕೊಂಡರೆ ಇವುಗಳಲ್ಲೇ ಒಂದು ತಪ್ಪಿತಸ್ಥ. ಮೆಲ್ಲಗೆ ಹೋಗುವಾಗ ಹಕ್ಕಿಮರಿಯಂತೆ ಕಿಚ್ ಕಿಚ್ ಎನ್ನುವುದು ಗ್ರೀಸ್ ಆರಿದ ಕ್ರಾಸ್ ಜಾಯಿಂಟ್ (ಶಾಫ್ಟಿನ ಅಡ್ಡಕೀಲು). ಅದರ ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಸಂಶಯವೇ ಉಳಿಯದು.

ಮೂರನೆಯ ಸಲ ಫೋರ್ ವೀಲ್‌ನಲ್ಲಿ. ಇದನ್ನು ಮಣ್ಣು ಅಥವಾ ಜಲ್ಲಿ ರಸ್ತೆಯಲ್ಲೇ ಮಾಡಬೇಕು, ಹಾಗಾಗಿ ಮೊದಲ ಎರಡು ಓಟಕ್ಕೂ ಅದೇ ರಸ್ತೆಯನ್ನು ಆರಿಸಿಕೊಳ್ಳಿ. ಎಳೆತ ಬಿದ್ದಾಗ ಮಾತ್ರ ಕೇಳುವ ಕೊರಗು ಡಿಫರೆನ್ಷಿಯಲ್‌ನ ಹಲ್ಲುಚಕ್ರ, ಪಿನಿಯನ್ ಬೇರಿಂಗ್ ಅಥವಾ ಎಳೆತವನ್ನು ಮುಂದಿನ, ಹಿಂದಿನ ಶಾಫ್ಟಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆಗೆ ಬೆರಳು ತೋರುತ್ತದೆ. ಡಿಫರೆನ್ಷಿಯಲ್ ಆಯಿಲ್ ಇಳಿಸಿ ನೋಡಿ: ನುಣುಪಾದ ಬೂದು ಪೇಸ್ಟ್ ಸ್ವಲ್ಪ ಇದ್ದರೆ ಸಹಜ ಸವೆತ, ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಬಿಚ್ಚಲೇಬೇಕು.

ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುವು ತೆಗೆದುಕೊಂಡಾಗ ಗಾಡಿ ಕುಪ್ಪಳಿಸಿ ದಡ್ ದಡ್ ಎಂದರೆ ಗಾಬರಿ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಮಧ್ಯದ ಡಿಫರೆನ್ಷಿಯಲ್ ಇಲ್ಲದ ಗಾಡಿಗಳಲ್ಲಿ ಎರಡೂ ಶಾಫ್ಟುಗಳು ಒಂದೇ ವೇಗಕ್ಕೆ ಬಿಗಿದುಕೊಂಡಿರುವುದರಿಂದ ಟೈರುಗಳು ಜಗ್ಗಾಡುತ್ತವೆ. ಇದು ದೋಷವಲ್ಲ, ಆದರೆ ಹಾಗೆ ಓಡಿಸುತ್ತಲೇ ಇದ್ದರೆ ದೋಷ ಹುಟ್ಟುತ್ತದೆ.

ಹಬ್ ತಾನಾಗಿಯೇ ಕೂಡುವ ಗಾಡಿಗಳಲ್ಲಿ ಮೂರೂ ಓಟ ಸಾಧ್ಯವಿಲ್ಲ. ಟೂ ವೀಲ್, ಫೋರ್ ವೀಲ್ ಹೋಲಿಕೆಯಲ್ಲೇ ತೃಪ್ತಿಪಡಬೇಕು. ಗಾಳಿಯ ಎಳೆತದಿಂದ (ವ್ಯಾಕ್ಯೂಮ್) ಕೆಲಸ ಮಾಡುವ ಹಬ್ಬುಗಳಲ್ಲಿ ಕೊಳವೆ ಸೋರಿದರೆ ಹಲ್ಲುಗಳು ಅರ್ಧಂಬರ್ಧ ಕೂಡಿ, ಟೂ ವೀಲ್‌ನಲ್ಲೇ ಕರಕರ ಅರೆಯುತ್ತವೆ ಎಂಬುದು ನೆನಪಿರಲಿ.

ಹಂತ 4: ಚಕ್ರ ಎತ್ತಿ ಅಲುಗಾಡಿಸುವುದು

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿ ನೆಲದಲ್ಲಿ ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ನುಸುಳಬಾರದು. ಗಾಡಿ ಸ್ಟ್ಯಾಂಡ್ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಸಾಹಸವೂ ಬೇಡ.

ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟವಿದ್ದರೆ, ಅಂದರೆ ಸಡಿಲವಾಗಿ ಅಲುಗಿದರೆ, ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಯಾವುದು ಎಂದು ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ: ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. 9 ಮತ್ತು 3ರ ಜಾಗದಲ್ಲಿ ಮಾತ್ರ ಆಟವಿದ್ದರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ನೋಡಿ. ಬಳಿಕ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಸ್ಪ್ರಿಂಗ್ ಮೇಲೆ ಬೆರಳಿಡಿ. ಹಾಳಾದ ಬೇರಿಂಗಿನ ತರಿತರಿ ಬೆರಳಿಗೆ ಗೊತ್ತಾಗುತ್ತದೆ.

ಎರಡೂ ಮುಂಚಕ್ರಗಳನ್ನು ಒಂದೇ ತೊಲೆಯಂತೆ ಜೋಡಿಸುವ ಇಡಿಯ ಆಕ್ಸಲ್ ಇರುವ ಗಾಡಿಯಾದರೆ ಇಳಿಸಿದ ಮೇಲೆ ಇನ್ನೊಂದು ಪರೀಕ್ಷೆಯಿದೆ. ಒಬ್ಬರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ, ನೀವು ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿರುವ ಸರಳಿನ ಎರಡೂ ತುದಿಗಳನ್ನು ನೋಡಿ. ಬೋಲ್ಟ್ ತನ್ನ ತೂತಿನಲ್ಲಿ ಕೂದಲೆಳೆಯಷ್ಟು ಜರುಗಿದರೂ ದಡ್ ಎಂಬ ಸದ್ದಿನ ಮೂಲ ಅದೇ.

ಬಾಲ್ ಜಾಯಿಂಟ್, ಟೈ ರಾಡ್‌ನಲ್ಲಿ ಎದ್ದು ಕಾಣುವ ಆಟ, ಆಟದ ಜೊತೆ ಗೊರಗುಟ್ಟುವ ಬೇರಿಂಗ್, ಇವುಗಳಲ್ಲಿ ಯಾವುದು ಕಂಡರೂ ಗಾಡಿಯನ್ನು ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಉಳಿದ ಸದ್ದುಗಳಿಗೆ ನೀವು ಬರೆದುಕೊಂಡ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ: ಯಾವ ವೇಗ, ಯಾವ ತಿರುವು, ಹಬ್ ಲಾಕ್ ಇತ್ತೇ ಇಲ್ಲವೇ, ಬ್ರೇಕ್ ಮುಟ್ಟಿದಾಗ ಏನಾಯಿತು. ದುರಸ್ತಿಯಾದ ಮೇಲೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಓಡಿಸಿ, ಚಕ್ರ ಬಿಚ್ಚಿದ್ದರೆ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.